ಗೋಲಿನ ಮುಂದೆ ನಿಂತ ತಂಗರಾಜ್



ಇವತ್ತು ಆಟದ ಮಾತು ಆಡೋಣ. ಫುಟ್‌ಬಾಲ್ ಆಟದ ಮಾತು. "ನಮಗ್ಯಾಕ್ರಿ ಅದು? ಈ ವಯಸ್ಸಿನಾಗ ನಾವು ಚೆಂಡು ಒದೀಬೇಕೇನ್ರಿ?" ಅಂತ ಕೆಲವರು ನಗುತ್ತೀರಿ. ನಗ್ರಿ. ಆದರೆ ಪೂರ್ತಿ ಕೇಳ್ರಿ. ಈ ಮಾತು ಶುರುವಾದದ್ದು ನಮ್ಮ ಕಲಿಕಾ ಕೇಂದ್ರದ ಚಾಪೆಯ ಮೇಲೆಯೇ.

ನಮ್ಮ ಕೇಂದ್ರಕ್ಕೆ ಒಬ್ಬ ಆಯಿ ಬರುತ್ತಾರೆ. ಜಹೀರಾಬಾದ್ ಕಡೆಯ ಹಳ್ಳಿಯವರು. ವಯಸ್ಸು ಅರವತ್ತು ದಾಟಿದೆ. ಒಂದು ವರ್ಷದಿಂದ ಅಕ್ಷರ ಕಲಿಯುತ್ತಿದ್ದಾರೆ. ಒತ್ತಕ್ಷರ ಬಂದರೆ ಸ್ವಲ್ಪ ನಿಲ್ಲುತ್ತಾರೆ. ಉಳಿದದ್ದನ್ನು ಓದಿಬಿಡುತ್ತಾರೆ. ಅವರ ಮೊಮ್ಮಗ ಒಂಬತ್ತನೆಯ ತರಗತಿ. ಶಾಲೆಯ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾನೆ. ಅವನಿಗೆ ಮುಂದೆ ಓಡಿ ಗೋಲು ಹೊಡೆಯುವ ಆಸೆ. ಹುಡುಗರು ಅವನನ್ನು ಹಿಂದೆ ಗೋಲಿನ ಮುಂದೆ ನಿಲ್ಲಿಸಿದರು. ಅವನು ಎತ್ತರ ಇದ್ದಾನೆ, ಓಟದಲ್ಲಿ ನಿಧಾನ, ಅದಕ್ಕೆ.

ಒಂದು ದಿನ ಚೆಂಡು ಅವನ ಎರಡು ಕಾಲುಗಳ ನಡುವೆ ಹಾದು ಗೋಲಿಗೆ ಹೋಯಿತು. ಹಿಡಿಯಲು ಹೋಗಿ ಅವನು ಹಿಂದಕ್ಕೆ ಬಿದ್ದ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಹನ್ನೆರಡು ಸೆಕೆಂಡಿನ ವಿಡಿಯೊ. ಕೆಳಗೆ ನಗುವ ಮುಖದ ಗುರುತು ಹಾಕಿ ವಾಟ್ಸಾಪ್‌ನಲ್ಲಿ ಬಿಟ್ಟರು. ಸಂಜೆಯೊಳಗೆ ಊರೆಲ್ಲ ಹರಡಿತು. ಕಿರಾಣಿ ಅಂಗಡಿಯಲ್ಲಿ ಅದೇ, ಬಸ್ ನಿಲ್ಲುವ ಕಟ್ಟೆಯ ಮೇಲೆ ಅದೇ. ಹುಡುಗ ಮೂರು ದಿನ ಶಾಲೆಗೆ ಹೋಗಲಿಲ್ಲ. "ಆಟಾನೇ ಬಿಟ್ಟೆ" ಅಂದ.

ಆಯಿ ನನ್ನ ಹತ್ತಿರ ಬಂದು ಕೇಳಿದರು. "ಮಾಸ್ತರ, ಈ ಫೋನಿನಾಗ ಗೋಲು ಹೊಡದವರು ಬರ್ತಾರ. ಬಿದ್ದವರು ಬರ್ತಾರ. ಗೋಲು ತಡದವರು ಯಾರೂ ಬರಂಗಿಲ್ಲೇನು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಒಂದು ಹೆಸರು ನೆನಪಾಯಿತು. ಅವರ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ಪೀಟರ್ ತಂಗರಾಜ್. ಮೊಮ್ಮಗನ ಫೋನಿನಲ್ಲಿ ಕನ್ನಡ ಅಕ್ಷರ ಬರುವ ಹಾಗೆ ಮಾಡಿಕೊಟ್ಟೆ. ಆಯಿ ಒಂದೊಂದೇ ಅಕ್ಷರ ಒತ್ತಿದರು. ತ, ಅದರ ಪಕ್ಕ ಸೊನ್ನೆ, ಗ, ರಾ. ಕೊನೆಯ ಜ್ ಬರೆಯುವಾಗ ಮಾತ್ರ ತಡವರಿಸಿದರು. ಹೆಸರು ಪೂರ್ತಿಯಾಯಿತು. ಹುಡುಕು ಅಂತ ಒತ್ತಿದೆವು.

ಬೇರೆ ಬೇರೆ ಚಿತ್ರ ಬಂದವು. ಒಂದು ಬಣ್ಣದ್ದು, ಹೊಳೆಯುವ ಮುಖದ್ದು. ಇನ್ನೊಂದು ಕಪ್ಪು ಬಿಳುಪು, ಹಳೆಯದು, ಸ್ವಲ್ಪ ಮಸುಕು. ಎರಡೂ ಒಂದೇ ಹೆಸರಿಗೆ ಬಂದಿದ್ದವು. ಎರಡು ಮುಖ ಮಾತ್ರ ಬೇರೆ ಬೇರೆ. ಆಯಿ ಕನ್ನಡಕ ಏರಿಸಿ ನೋಡಿದರು. "ಇವರಾಗ ಖರೇ ತಂಗರಾಜ್ ಯಾರು, ಮಾಸ್ತರ?" ಅಂದರು.

ಇವತ್ತು ನಾನು ಹೇಳುವುದೆಲ್ಲ ಆ ಪ್ರಶ್ನೆಗೆ ಉತ್ತರ.

ಬಣ್ಣದ ಚಿತ್ರದಲ್ಲಿ ಇದ್ದವರು ಸಿನಿಮಾ ನಟ. 2024ರ ಏಪ್ರಿಲ್ ತಿಂಗಳಲ್ಲಿ "ಮೈದಾನ್" ಅನ್ನುವ ಹಿಂದಿ ಸಿನಿಮಾ ಬಂತು. ಹೈದರಾಬಾದಿನ ಫುಟ್‌ಬಾಲ್ ಗುರು ಸೈಯದ್ ಅಬ್ದುಲ್ ರಹೀಂ ಅವರ ಕಥೆ ಅದು. ರಹೀಂ ಸಾಹೇಬರ ವೇಷ ಹಾಕಿದವರು ಅಜಯ್ ದೇವಗನ್. ರಹೀಂ ಅವರ ತಂಡದ ಆಟಗಾರರಾಗಿ ಬೇರೆ ಬೇರೆ ಹುಡುಗರು ನಟಿಸಿದರು. ತಂಗರಾಜ್ ಆಗಿ ಒಬ್ಬರು ನಟಿಸಿದರು. ಸಿನಿಮಾ ಮೊದಲು ಟಾಕೀಸಿಗೆ ಬಂತು. ಆಮೇಲೆ ಫೋನಿಗೂ ಬಂತು. ಅದರ ತುಣುಕುಗಳು ಒಬ್ಬರಿಂದ ಒಬ್ಬರಿಗೆ ಹೋದವು. ತಂಗರಾಜ್ ಹೆಸರು ಹೊಸ ಮಕ್ಕಳ ಬಾಯಿಗೆ ಬಂತು.

ಕಪ್ಪು ಬಿಳುಪಿನ ಚಿತ್ರದಲ್ಲಿ ಇದ್ದವರೇ ಖರೇ ತಂಗರಾಜ್. ತಮ್ಮ ಹೆಸರು ಹೀಗೆ ಮತ್ತೆ ಕೇಳಿಬಂದದ್ದನ್ನು ಅವರು ನೋಡಲಿಲ್ಲ. ಅವರು ತೀರಿಕೊಂಡದ್ದು 2008ರ ನವೆಂಬರ್ 24ರಂದು. ಸಿನಿಮಾ ಬರುವಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು.

ತಂಗರಾಜ್ ಹುಟ್ಟಿದ್ದು ಹೈದರಾಬಾದಿನಲ್ಲಿ, 1935ರ ಡಿಸೆಂಬರ್ 24ರಂದು. ಹೈದರಾಬಾದ್ ಅಂದರೆ ನಮಗೆ ದೂರದ ಊರಲ್ಲ. ತಾಂಡೂರಿನವರು ಬೆಳಿಗ್ಗೆ ರೈಲು ಹತ್ತಿದರೆ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುತ್ತಾರೆ. ನಾರಾಯಣಖೇಡದವರು ಬಸ್ಸಿಗೆ ಹೋಗುತ್ತಾರೆ. ದವಾಖಾನೆಗೆ ಅಲ್ಲಿಗೇ, ಮದುವೆ ಸೀರೆಗೆ ಅಲ್ಲಿಗೇ. ಆಗಿನ ಕಾಲದಲ್ಲಂತೂ ಅದು ನಮ್ಮ ರಾಜಧಾನಿ. ಜಹೀರಾಬಾದ್, ನಾರಾಯಣಖೇಡ ಆಗ ಬೀದರ್ ಜಿಲ್ಲೆಯಲ್ಲಿ ಇದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿ ಇತ್ತು. ಎಲ್ಲ ಸೇರಿ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಂದು ಆ ರಾಜ್ಯ ಒಡೆಯಿತು. ಬೀದರ್, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಹೋದವು. ನಮ್ಮ ಈ ಮೂರೂ ತಾಲೂಕು ಆಂಧ್ರಪ್ರದೇಶಕ್ಕೆ ಬಂದವು. ನಮ್ಮ ಮನೆಯ ಕನ್ನಡ ಗಡಿಯ ಈ ಕಡೆ ಉಳಿಯಿತು.

ಅದೇ ನವೆಂಬರ್ ತಿಂಗಳಲ್ಲಿ ತಂಗರಾಜ್ ಎಲ್ಲಿದ್ದರು ಗೊತ್ತೇನ್ರಿ? ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್‌ನಲ್ಲಿ. ಅಲ್ಲಿ ಒಲಿಂಪಿಕ್ ಕ್ರೀಡಾಕೂಟ. ಭಾರತದ ಫುಟ್‌ಬಾಲ್ ತಂಡದಲ್ಲಿ ಅವರೂ ಇದ್ದರು. ಅವರಿಗೆ ಆಗ ಇಪ್ಪತ್ತೊಂದು ತುಂಬಿರಲಿಲ್ಲ. ಆ ಸಲ ನಮ್ಮ ತಂಡ ಆಸ್ಟ್ರೇಲಿಯಾವನ್ನು 4-2ರಲ್ಲಿ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನಕ್ಕೆ ಬಂತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋದದ್ದಿಲ್ಲ.

ಆದರೆ ಆಯಿಗೆ ನಾನು ಹೇಳಬೇಕಾಗಿದ್ದ ಮುಖ್ಯ ಮಾತು ಬೇರೆ. ತಂಗರಾಜ್ ಮೊದಲಿನಿಂದ ಗೋಲ್‌ಕೀಪರ್ ಆಗಿರಲಿಲ್ಲ!

ಸಿಕಂದರಾಬಾದಿನ ಸಣ್ಣ ಕ್ಲಬ್ಬುಗಳಲ್ಲಿ ಆಡಿ ಬೆಳೆದ ಹುಡುಗ ಅವರು. 1953ರಲ್ಲಿ ಸೈನ್ಯಕ್ಕೆ ಸೇರಿದರು. ಮದ್ರಾಸ್ ರೆಜಿಮೆಂಟಲ್ ಸೆಂಟರ್ ಅನ್ನುವ ದಳ. ಅಲ್ಲಿ ಮೊದಲು ಅವರು ಆಡಿದ್ದು ಮುಂದಿನ ಸಾಲಿನಲ್ಲಿ, ಗೋಲು ಹೊಡೆಯುವ ಜಾಗದಲ್ಲಿ. ಆಮೇಲೆ ಗೋಲ್‌ಕೀಪರ್ ಆದರು. ಆರಡಿ ಮೀರಿದ ಎತ್ತರ, ಉದ್ದ ಕೈ. ಆ ಎತ್ತರ ಗೋಲಿನ ಮುಂದೆ ಹೆಚ್ಚು ಕೆಲಸಕ್ಕೆ ಬಂತು. 1955ರಲ್ಲಿ ಆ ದಳದ ತಂಡ ಡ್ಯುರಾಂಡ್ ಕಪ್ ಗೆದ್ದಿತು. 1958ರಲ್ಲಿ ಮತ್ತೆ ಗೆದ್ದಿತು. ಡ್ಯುರಾಂಡ್ ಕಪ್ ಅಂದರೆ ಸಣ್ಣದಲ್ಲ, 1888ರಲ್ಲಿ ಶುರುವಾದ ಪಂದ್ಯ ಅದು.

ಈ ಮಾತು ಕೇಳಿ ಆಯಿ ಹುಬ್ಬು ಏರಿಸಿದರು. "ಹಂಗಾದ್ರ ಇವರನ್ನೂ ಮುಂದಿಂದ ಹಿಂದಕ ನಿಲ್ಲಿಸಿದ್ರು ಅನ್ನು" ಅಂದರು.

ಹೌದು. ನಿಲ್ಲಿಸಿದರು. ಆದರೆ ಗೋಲಿನ ಮುಂದೆ ನಿಲ್ಲುವುದು ಅಂದರೆ ಏನು, ಅದನ್ನು ಮೊದಲು ನೋಡೋಣ.

ಫುಟ್‌ಬಾಲಿನ ಗೋಲು ಎರಡು ಕಂಬದ ನಡುವೆ 24 ಅಡಿ ಅಗಲ. ನೆಲದಿಂದ ಮೇಲಿನ ಅಡ್ಡಪಟ್ಟಿಗೆ 8 ಅಡಿ ಎತ್ತರ. ಒಂದು ಸಣ್ಣ ಮನೆಯ ಮುಂದಿನ ಗೋಡೆಯಷ್ಟು ಅನ್ನಿ. ಒಬ್ಬ ಮನುಷ್ಯ ಎರಡೂ ಕೈ ಚಾಚಿದರೆ ಸುಮಾರು 6 ಅಡಿ. 24ರಲ್ಲಿ 6 ಅಂದರೆ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಬಯಲು. ಆ ಬಯಲನ್ನು ಅವನೊಬ್ಬನೇ ಕಾಯಬೇಕು. ಪೆನಾಲ್ಟಿ ಅನ್ನುವ ಹೊಡೆತದಲ್ಲಿ ಚೆಂಡು ಇಡುವುದು ಗೋಲಿನಿಂದ 36 ಅಡಿ ದೂರದಲ್ಲಿ. ಜೋರಾಗಿ ಒದ್ದರೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬಂದುಬಿಡುತ್ತದೆ. ನಾವು ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಆಟ ಮುಗಿದಿರುತ್ತದೆ. ಈಗ ಗೋಲ್‌ಕೀಪರುಗಳಿಗೆ ದಪ್ಪ ಕೈಚೀಲ ಇದೆ. ಆಗ ಬಹಳ ಜನ ಬರಿಗೈಯಲ್ಲೇ ಹಿಡಿಯುತ್ತಿದ್ದರು. ಚೆಂಡು ಚರ್ಮದ್ದು. ಮಳೆ ಬಂದರೆ ನೀರು ಕುಡಿದು ಭಾರವಾಗುತ್ತಿತ್ತು.

ಇನ್ನೊಂದು ಮಾತು. ಮುಂದೆ ಆಡುವವನು ಹತ್ತು ಸಲ ತಪ್ಪಿ ಒಂದು ಸಲ ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲ್‌ಕೀಪರ್ ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ, ಆ ಒಂದು ತಪ್ಪನ್ನೇ ಹೇಳುತ್ತಾರೆ. ಮನೆಯಲ್ಲಿ ಅಡುಗೆ ಮಾಡುವ ಅಕ್ಕಂದಿರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವೆಲ್ಲ ರೊಟ್ಟಿ ಬಡಿದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದು ದಿನ ಬೇಳೆ ಹೊತ್ತಿದ್ದು ಎಲ್ಲರಿಗೂ ನೆನಪಿರುತ್ತದೆ.

ಈಗ 1962ಕ್ಕೆ ಬರೋಣ. ತಂಗರಾಜ್ ಅವರ ಹೆಸರು ಹೇಳುವವರು ಹೆಚ್ಚಾಗಿ ಹೇಳುವುದು ಈ ವರ್ಷದ ಮಾತನ್ನೇ. ಸಿನಿಮಾದ ಕೊನೆ ಭಾಗವೂ ಇದೇ.

ಇಂಡೊನೇಷ್ಯಾ ದೇಶದ ಜಕಾರ್ತಾ ನಗರದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ನಮ್ಮ ತಂಡದ ಗುರು ರಹೀಂ ಸಾಹೇಬರು. ಅವರು ಮೊದಲು ಶಾಲೆಯ ಮಾಸ್ತರರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿ ಬೆಳೆಸಿದವರು. ಆ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ ಗೆದ್ದಿತ್ತು. ಜಕಾರ್ತಾಕ್ಕೆ ಹೋದಾಗ ರಹೀಂ ಅವರ ಮೈ ಸರಿ ಇರಲಿಲ್ಲ. ಕ್ಯಾನ್ಸರ್ ರೋಗ ಒಳಗೆ ತಿನ್ನುತ್ತಿತ್ತು.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ನಮ್ಮನ್ನು 2-0ರಲ್ಲಿ ಸೋಲಿಸಿತು. ಆಮೇಲೆ ನಮ್ಮವರು ಥಾಯ್ಲೆಂಡನ್ನು 4-1ರಲ್ಲಿ, ಜಪಾನನ್ನು 2-0ರಲ್ಲಿ ಗೆದ್ದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2ರಲ್ಲಿ ಗೆದ್ದರು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ.

ತಂಡದ ಸ್ಥಿತಿ ಕೇಳ್ರಿ. ಜರ್ನೈಲ್ ಸಿಂಗ್ ಅನ್ನುವ ಆಟಗಾರನ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಅವರು ಹಿಂದೆ ನಿಂತು ತಡೆಯುವವರು. ತಂಗರಾಜ್‌ಗೆ ನೆಗಡಿ ಜ್ವರ ಬಂದು ಮಲಗಿದ್ದರು. ಅವರ ಬದಲು ಪ್ರದ್ಯೋತ್ ಬರ್ಮನ್ ಗೋಲಿನಲ್ಲಿ ನಿಂತಿದ್ದರು. ಹೊರಗೆ ಊರಿನ ಜನ ನಮ್ಮ ಮೇಲೆ ಸಿಟ್ಟಾಗಿದ್ದರು. ಆ ಕೂಟಕ್ಕೆ ಇಸ್ರೇಲ್, ತೈವಾನ್ ಆಟಗಾರರನ್ನು ಬರಗೊಡಲಿಲ್ಲ. ಅದು ತಪ್ಪು ಅಂತ ಭಾರತದ ಒಬ್ಬ ಕ್ರೀಡಾ ಅಧಿಕಾರಿ ಹೇಳಿದ್ದರು. ಅದಕ್ಕೆ ಸಿಟ್ಟು. ಮೈದಾನದಲ್ಲಿ ಸುಮಾರು ಒಂದು ಲಕ್ಷ ಜನ. ನಮ್ಮವರಿಗೆ ಚೆಂಡು ಸಿಕ್ಕರೆ ಕೂಗಿ ಹೀಯಾಳಿಸುತ್ತಿದ್ದರು. ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ನಮ್ಮ ಪರವಾಗಿ ಕೂಗಿದರು ಅಂತ ಆಗಿನ ಆಟಗಾರರು ಮುಂದೆ ನೆನಪು ಮಾಡಿಕೊಂಡಿದ್ದಾರೆ. ಇದೂ ತಿಳಿದಿರಲಿ.

ರಹೀಂ ಸಾಹೇಬರು ಎರಡು ನಿರ್ಧಾರ ಮಾಡಿದರು. ತಲೆಗೆ ಹೊಲಿಗೆ ಬಿದ್ದ ಜರ್ನೈಲ್ ಸಿಂಗ್ ಅವರನ್ನು ಹಿಂದಿನಿಂದ ಮುಂದಕ್ಕೆ ತಂದರು, ಗೋಲು ಹೊಡೆಯುವ ಜಾಗಕ್ಕೆ. ಜ್ವರದಿಂದ ಎದ್ದ ತಂಗರಾಜ್ ಅವರನ್ನು ಮತ್ತೆ ಗೋಲಿನಲ್ಲಿ ನಿಲ್ಲಿಸಿದರು. ಆಟದ ನಡುವೆ ಆಟಗಾರರನ್ನು ಬದಲಿಸುವ ಸೌಕರ್ಯ ಆಗ ಈಗಿನ ಹಾಗೆ ಇರಲಿಲ್ಲ. ಇಳಿದವನು ಕೊನೆಯವರೆಗೆ ನಿಲ್ಲಬೇಕು.

1962ರ ಸೆಪ್ಟೆಂಬರ್ 4. ಆಟ ಶುರುವಾಯಿತು. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ತಮ್ಮ ತಲೆಯ ಹೊಲಿಗೆಯ ಜೊತೆಗೇ ಇನ್ನೊಂದು ಹೊಡೆದರು. 2-0. ಅದರ ಮೇಲೆ ಉಳಿದ ಎಪ್ಪತ್ತು ನಿಮಿಷ ಕಾಯುವ ಕೆಲಸ. ಕೊರಿಯಾದವರು ಸುಮ್ಮನೆ ಕೂರುವವರಲ್ಲ. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಅವರೂ ಒಂದು ಹೊಡೆದರು. 2-1. ಇನ್ನೊಂದು ಹೋದರೆ ಸಮ. ಆ ಇನ್ನೊಂದು ಹೋಗಲಿಲ್ಲ. ಭಾರತಕ್ಕೆ ಚಿನ್ನದ ಪದಕ ಬಂತು.

ಅದರ ಮುಂದಿನ ವರ್ಷ, 1963ರ ಜೂನ್ 11ರಂದು, ರಹೀಂ ಸಾಹೇಬರು ತೀರಿಕೊಂಡರು. ಏಷ್ಯನ್ ಕೂಟದಲ್ಲಿ ಫುಟ್‌ಬಾಲ್ ಚಿನ್ನ ನಮ್ಮ ಗಂಡಸರ ತಂಡಕ್ಕೆ ಮತ್ತೆ ಬಂದಿಲ್ಲ. 1970ರಲ್ಲಿ ಕಂಚು ಬಂತು, ಅಷ್ಟೆ.

ಈಗ ಆ ಅಂಕಿ ನೋಡ್ರಿ. 2-1. ಎರಡು ಹೊಡೆದವರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಹೊಡೆದ ನಿಮಿಷವೂ ಇದೆ. ಆ ಒಂದು ಯಾಕೆ ಎರಡು ಆಗಲಿಲ್ಲ? ಅದಕ್ಕೆ ಅಂಕಿ ಇಲ್ಲ. ತಡೆದ ಚೆಂಡಿಗೆ ನಿಮಿಷ ಬರೆಯುವ ಪದ್ಧತಿ ಆಗ ಇರಲಿಲ್ಲ. ಬೋರ್ಡಿನ ಮೇಲೆ ತಂಗರಾಜ್ ಲೆಕ್ಕಕ್ಕೆ ಇದ್ದದ್ದು ಬಿಟ್ಟುಕೊಟ್ಟ ಒಂದೇ ಗೋಲು. ನಾನು ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಕೇಂದ್ರದಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು.

"ಹಂಗಾದ್ರ ಆಗಿನ ಜನಕ್ಕ ಇವರು ಗೊತ್ತೇ ಇರಲಿಲ್ಲೇನ್ರಿ?" ಅಂತ ಒಬ್ಬ ಅಕ್ಕ ಕೇಳಿದರು. ಇದು ಒಳ್ಳೆಯ ಪ್ರಶ್ನೆ. ಗೊತ್ತಿದ್ದರು. ಬಹಳ ಚೆನ್ನಾಗಿ ಗೊತ್ತಿದ್ದರು. 1958ರಲ್ಲಿ ಅವರನ್ನು ಏಷ್ಯಾ ಖಂಡದ ಅತ್ಯುತ್ತಮ ಗೋಲ್‌ಕೀಪರ್ ಅಂತ ಆರಿಸಿದ್ದರು. 1960ರಲ್ಲಿ ರೋಮ್ ಒಲಿಂಪಿಕ್ಕಿಗೂ ಹೋದರು. ಆಮೇಲೆ ಕಲಕತ್ತೆಯಲ್ಲಿ ಆಡಿದರು. ಅಲ್ಲಿ ಫುಟ್‌ಬಾಲ್ ಅಂದರೆ ಜಾತ್ರೆ. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಅಂತ ಮೂರು ದೊಡ್ಡ ತಂಡ. ಒಂದರ ಕಡೆಯವರಿಗೆ ಇನ್ನೊಂದರ ಕಡೆಯವರನ್ನು ಕಂಡರೆ ಆಗದು. ತಂಗರಾಜ್ ಮೂರೂ ತಂಡಕ್ಕೆ ಆಡಿದರು. ಮೂರೂ ಕಡೆಯವರು ಒಪ್ಪಿಕೊಂಡರು. 1967ರಲ್ಲಿ ಸರ್ಕಾರ ಅರ್ಜುನ ಪ್ರಶಸ್ತಿ ಕೊಟ್ಟಿತು.

ಆದರೆ ಆ ಹೆಸರು ಹರಡಿದ ದಾರಿ ಬೇರೆ. ಕಲಕತ್ತೆಗೆ ಟಿ.ವಿ. ಬಂದದ್ದು 1975ರಲ್ಲಿ. ತಂಗರಾಜ್ ಆಟ ನಿಲ್ಲಿಸಿದ್ದು 1971ರಲ್ಲಿ. ಅಂದರೆ ಅಲ್ಲಿ ಆಡಿದಷ್ಟು ಕಾಲ ಅವರ ಆಟವನ್ನು ಆ ಊರಿನ ಒಂದು ಮನೆಯಲ್ಲೂ ಟಿ.ವಿ.ಯಲ್ಲಿ ನೋಡಿದವರಿಲ್ಲ. ಜನ ಟಿಕೆಟ್ ಕೊಂಡು ಬಿಸಿಲಲ್ಲಿ ನಿಂತು ನೋಡಿದರು. ಉಳಿದವರು ರೇಡಿಯೊ ಕೇಳಿದರು. ಮಾರನೆಯ ದಿನ ಪೇಪರಿನಲ್ಲಿ ಓದಿದರು. ಓದಲು ಬಾರದವರು ಚಹಾ ಅಂಗಡಿಯಲ್ಲಿ ಇನ್ನೊಬ್ಬರಿಂದ ಓದಿಸಿಕೊಂಡರು. ಪೂರ್ತಿ ಆಟ ನೋಡಿದವರು ಮನೆಗೆ ಬಂದು ಪೂರ್ತಿ ಹೇಳಿದರು. ಎಷ್ಟು ತಡೆದರು, ಹೇಗೆ ಹಾರಿದರು, ಎಲ್ಲ ಹೇಳಿದರು.

ಫೋನು ಹಾಗಲ್ಲ. ಅದು ತುಣುಕು ತೋರಿಸುತ್ತದೆ. ಲೆಕ್ಕ ಹಾಕೋಣ. 90 ನಿಮಿಷ ಅಂದರೆ 5,400 ಸೆಕೆಂಡು. ನಮ್ಮ ಆಯಿಯ ಮೊಮ್ಮಗನ ವಿಡಿಯೊ 12 ಸೆಕೆಂಡು. ಹುಡುಗರು ಅಷ್ಟು ಉದ್ದದ ಆಟ ಆಡಿರಲಿಕ್ಕಿಲ್ಲ, ಒಂದು ಗಂಟೆ ಅನ್ನೋಣ. 3,600ರಲ್ಲಿ 12. ಉಳಿದ 3,588 ಸೆಕೆಂಡು ಅವನು ಏನು ಮಾಡಿದ? ಅದನ್ನು ಯಾರೂ ಹಿಡಿಯಲಿಲ್ಲ. ಹಿಡಿದಿದ್ದರೂ ಯಾರೂ ಕಳಿಸುತ್ತಿರಲಿಲ್ಲ.

ವಿಡಿಯೊ ಕೆಳಗೆ ಒಂದು ಅಂಕಿ ಇರುತ್ತದೆ, ನೋಡಿದ್ದೀರಲ್ಲ? ಎಷ್ಟು ಸಲ ನೋಡಿದ್ದಾರೆ ಅನ್ನುವ ಅಂಕಿ. ಅದು ಜನರ ತಲೆ ಎಣಿಸಿದ್ದಲ್ಲ. ಒಬ್ಬನೇ ನಾಲ್ಕು ಸಲ ನೋಡಿದರೂ ಅಂಕಿ ಏರಬಹುದು. ಮೆಚ್ಚಿ ನೋಡಿದರೂ ಏರುತ್ತದೆ, ನಗಲು ನೋಡಿದರೂ ಏರುತ್ತದೆ. ಅಂಕಿ ದೊಡ್ಡದಾದಷ್ಟು ಫೋನು ಅದನ್ನೇ ಇನ್ನಷ್ಟು ಜನರಿಗೆ ತೋರಿಸುತ್ತದೆ. ಸಂತೆಯಲ್ಲಿ ಗುಂಪು ಕೂಡಿದ ಕಡೆಗೇ ಜನ ಹೋಗುವುದಿಲ್ಲವೇ, ಹಾಗೆ. ಅಲ್ಲಿ ಒಳ್ಳೆಯ ಮಾಲು ಇದೆಯೋ, ಜಗಳ ನಡೆದಿದೆಯೋ, ಹೋಗಿ ನೋಡುವವರೆಗೆ ಗೊತ್ತಿಲ್ಲ.

ಸಿನಿಮಾದಿಂದ ತಂಗರಾಜ್ ಹೆಸರಿಗೆ ಅಂಥ ಗುಂಪು ಕೂಡಿತು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನಗೇ ಸಂತೋಷ ಆಯಿತು. ಮರೆತ ಹೆಸರು ಮತ್ತೆ ಬಂತಲ್ಲ. ಆದರೆ ಗುಂಪಿನ ನಡುವೆ ನಟನ ಮುಖ ಮುಂದೆ ಬಂತು, ಅವರ ಸ್ವಂತ ಮುಖ ಹಿಂದೆ ಸರಿಯಿತು. ಕೆಲವರು ಸಿನಿಮಾದ ಚಿತ್ರವನ್ನೇ ಖರೇ ಅಂತ ತಿಳಿಯುತ್ತಾರೆ. ಅಕ್ಷರ ಬಾರದವರಿಗೆ ಇದು ಹೇಗೆ ತಿಳಿಯಬೇಕು? ಕೆಳಗೆ ಸಣ್ಣದಾಗಿ ಬರೆದಿರುತ್ತದೆ, ಯಾರು, ಯಾವ ವರ್ಷ ಅಂತ. ಆಯಿ ಅದನ್ನು ನೋಡಿಯೇ ಹಿಡಿದರು. ಬಣ್ಣದ ಚಿತ್ರದ ಕೆಳಗೆ 2024 ಅಂತ ಇತ್ತು. "2024ರಾಗ ಇಷ್ಟು ಹರೇದ ಹುಡುಗ, 1962ರಾಗ ಹೆಂಗ ಆಡ್ಯಾನ?" ಅಂತ ಅವರೇ ಕೇಳಿದರು. ಹೆಸರಿಗಿಂತ ಮೊದಲು ಅವರಿಗೆ ದಾರಿ ತೋರಿಸಿದ್ದು ಅಂಕಿ. ನಾನು ಕಲಿಸಿದ್ದಲ್ಲ ಅದು.

ಇನ್ನು ತಂಗರಾಜ್ ಅವರ ಬದುಕಿನ ಎರಡನೆಯ ಅರ್ಧ. ಇದು ಸಿನಿಮಾದಲ್ಲೂ ಇಲ್ಲ.

1971ರಲ್ಲಿ ಆಟ ಬಿಟ್ಟ ಮೇಲೆ ಅವರು ಕೋಚ್ ಆದರು, ಅಂದರೆ ಆಟ ಕಲಿಸುವ ಮಾಸ್ತರು. ಗೋವಾದ ವಾಸ್ಕೋ ತಂಡಕ್ಕೆ ಕಲಿಸಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆಮೇಲೆ ಬೊಕಾರೊಗೆ ಹೋದರು. ಈಗಿನ ಝಾರ್ಖಂಡ್ ರಾಜ್ಯದ ಊರು ಅದು, ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಅಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತ ಉಳಿದುಬಿಟ್ಟರು. ತೀರಿಕೊಂಡದ್ದೂ ಅಲ್ಲೇ, ಹೃದಯ ನಿಂತು.

ಹೊರದೇಶದಲ್ಲೂ ಹೀಗೆ ಗೋಲು ಕಾದು ಆಮೇಲೆ ಗುರುವಾದವರು ಇದ್ದಾರೆ. ಇಟಲಿಯ ದಿನೋ ಜೋಫ್ ನಲವತ್ತನೆಯ ವಯಸ್ಸಿನಲ್ಲಿ, 1982ರಲ್ಲಿ, ನಾಯಕನಾಗಿ ವಿಶ್ವಕಪ್ ಗೆದ್ದರು. 2000ನೇ ಇಸವಿಯಲ್ಲಿ ಅದೇ ಇಟಲಿ ತಂಡಕ್ಕೆ ಗುರುವಾಗಿ ಯುರೋಪಿನ ಫೈನಲ್‌ಗೆ ಕರೆದೊಯ್ದರು. ಗೋಲ್‌ಕೀಪರ್‌ಗೆ ಕಲಿಸುವ ಕೆಲಸ ಒಗ್ಗುತ್ತದೆ. ಯಾಕೆ ಅಂದರೆ ಆಟದಲ್ಲಿ ಎಲ್ಲರ ಮುಖ ಮುಂದಕ್ಕೆ. ಅವನೊಬ್ಬ ಹಿಂದೆ ನಿಂತು ಇಡೀ ಮೈದಾನ ನೋಡುತ್ತಾನೆ. ಯಾರು ಎಲ್ಲಿ ಜಾಗ ಬಿಟ್ಟರು ಅಂತ ಕೂಗಿ ಹೇಳುವುದೂ ಅವನ ಕೆಲಸವೇ.

ಕಲಿಸುವುದು ಏನು ಅಂತೀರಾ? ಒಂದು ಉದಾಹರಣೆ ಹೇಳುತ್ತೇನೆ. ಬೇಲಿಯಲ್ಲಿ ದೊಡ್ಡ ಸಂದಿ ಬಿದ್ದಿದೆ. ಮೇಕೆ ಮರಿ ಓಡಿ ಬರುತ್ತಿದೆ. ನೀವು ಸಂದಿಯಲ್ಲೇ ನಿಂತರೆ ಅದು ಎಡಕ್ಕೋ ಬಲಕ್ಕೋ ನುಸುಳಿ ಹೋಗುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಅದರ ಎದುರಿಗೆ ಕೈ ಚಾಚಿ ನಿಂತರೆ? ಅದಕ್ಕೆ ಸಂದಿಯೇ ಕಾಣುವುದಿಲ್ಲ. ನೀವೇ ಕಾಣುತ್ತೀರಿ. ಗೋಲ್‌ಕೀಪರ್ ಮಾಡುವುದೂ ಅದೇ. ಚೆಂಡು ತರುವವನ ಕಡೆಗೆ ಮುಂದೆ ಹೋಗುತ್ತಾನೆ. ಅವನು ಮುಂದೆ ಹೋದಷ್ಟೂ ಹಿಂದಿನ 24 ಅಡಿ ಎದುರಿನವನ ಕಣ್ಣಿಗೆ ಸಣ್ಣದಾಗುತ್ತದೆ. ಆದರೆ ಹೆಚ್ಚು ಮುಂದೆ ಹೋದರೆ ತಲೆಯ ಮೇಲಿಂದ ಚೆಂಡು ಎತ್ತಿ ಹಾಕುತ್ತಾರೆ. ಎಷ್ಟು ಹೆಜ್ಜೆ? ಅದನ್ನು ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ. ದಿನಾ ಒಬ್ಬರು ಎದುರಿಗೆ ನಿಂತು ನೂರು ಸಲ ಒದೆಯಬೇಕು, ಇವನು ನೂರು ಸಲ ಮುಂದೆ ಬರಬೇಕು. ಬೀಳುವುದನ್ನೂ ಕಲಿಸುತ್ತಾರೆ. ಮೊಣಕೈ ಮೊದಲು ನೆಲಕ್ಕೆ ತಾಗಬಾರದು, ಪಕ್ಕದ ಮೈ ತಾಗಬೇಕು. ಎರಡು ಕಾಲು ಹತ್ತಿರ ಇಟ್ಟು ಚೆಂಡಿನ ಹಿಂದೆ ಮಂಡಿ ಬಗ್ಗಿಸಿದರೆ ಚೆಂಡು ನಡುವೆ ತೂರುವುದಿಲ್ಲ. ಆಯಿಯ ಮೊಮ್ಮಗನಿಗೆ ಗೊತ್ತಿರದಿದ್ದದ್ದು ಇಷ್ಟೇ. ಅವನಿಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸಿದರು, ಬಿದ್ದ, ನಕ್ಕರು.

ಬೊಕಾರೊದ ಮೈದಾನದಲ್ಲಿ ತಂಗರಾಜ್ ಎಷ್ಟು ಬೆಳಗು ಹೀಗೆ ನಿಂತು ಕಲಿಸಿದ್ದಾರೋ, ಅದರ ತುಣುಕು ನಮ್ಮ ಫೋನಿಗೆ ಬಂದಿಲ್ಲ. ಆಯಿ ಮತ್ತೆ ಮತ್ತೆ ಹುಡುಕಿಸಿದರು. ಸಿನಿಮಾ ಬಂತು, ಹಾಡು ಬಂತು, ಜಕಾರ್ತಾ ಬಂತು. ಬೊಕಾರೊ ಬರಲಿಲ್ಲ.

ನಮ್ಮ ಕಡೆಯ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಜಹೀರಾಬಾದ್ ಹತ್ತಿರ ಪಸ್ತಾಪುರ ಇದೆಯಲ್ಲ, ಅಲ್ಲಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಬಹಳ ಹಿಂದೆಯೇ ಕ್ಯಾಮೆರಾ ಹಿಡಿಯಲು ಕಲಿತರು. ಹೊಲದಲ್ಲಿ ಕೂಲಿ ಮಾಡುವವರು. ಎಷ್ಟೋ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಜೋಳ, ಸಜ್ಜೆ, ಬೀಜ ಕಾಪಾಡುವ ಕೆಲಸ, ಇದನ್ನೆಲ್ಲ ಅವರೇ ವಿಡಿಯೊ ಮಾಡಿದರು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಲ್ಲಿ ಸಂಗಂ ರೇಡಿಯೊ ಶುರುವಾಯಿತು. ಬಿತ್ತುವುದು, ಕಳೆ ಕೀಳುವುದು ಯಾರೂ ಗುಂಪು ಕೂಡಿ ನೋಡುವ ವಿಷಯ ಅಲ್ಲ. ಆದರೂ ಅವರು ಅದನ್ನೇ ತೋರಿಸಿದರು. ನಮ್ಮ ಆಯಿಗೂ ಅವರ ಸುದ್ದಿ ಗೊತ್ತಿತ್ತು. ಅವರ ತವರಿನ ಕಡೆಯ ಒಬ್ಬರು ಆ ಸಂಘದಲ್ಲಿ ಇದ್ದರಂತೆ.

ಈಗ ಕೊನೆಗೆ ಏನಾಯಿತು ಹೇಳುತ್ತೇನೆ.

ಆಯಿ ಮನೆಗೆ ಹೋಗಿ ಮೊಮ್ಮಗನಿಗೆ ತಂಗರಾಜ್ ಕಥೆ ಹೇಳಿದರು. ನೋಟ್‌ಬುಕ್ ತೆಗೆದು ಓದಿಯೇ ಹೇಳಿದರಂತೆ. ಹುಡುಗ ಮೊದಲು ಮುಖ ತಿರುಗಿಸಿದ. ಮುಂದಿನ ಸಾಲಿನಿಂದ ಹಿಂದಕ್ಕೆ ಬಂದವರು ಅನ್ನುವ ಮಾತಿಗೆ ಮಾತ್ರ ಈ ಕಡೆ ತಿರುಗಿದ. "ಖರೇ ಏನು, ಆಯಿ? ಯಾರು ಹೇಳಿದ್ರು?" ಅಂದ. "ಯಾರೂ ಹೇಳಿಲ್ಲ. ನಾನೇ ಓದೀನಿ" ಅಂದರು ಆಯಿ. ಇದನ್ನು ನನಗೆ ಹೇಳುವಾಗ ಅವರ ಮುಖ ನೀವು ನೋಡಬೇಕಿತ್ತು.

ನಾಲ್ಕನೆಯ ದಿನ ಹುಡುಗ ಶಾಲೆಗೆ ಹೋದ. ಒಂದು ವಾರ ಆಟಕ್ಕೆ ಹೋಗಲಿಲ್ಲ. ಆಮೇಲೆ ಹೋದ. ಆಟ ಕಲಿಸಿಕೊಡಲು ಅಲ್ಲಿ ಯಾರೂ ಇಲ್ಲ. ಹಿಂದೆ ಪಟ್ಟಣದಲ್ಲಿ ಆಡಿದ್ದ ಒಬ್ಬ ಆಟೋ ಓಡಿಸುವ ಅಣ್ಣನನ್ನು ಹುಡುಗರು ಹಿಡಿದರು. ಅವನು ಬಾಡಿಗೆ ಇಲ್ಲದ ಸಂಜೆ ಬಂದು ಚೆಂಡು ಒದ್ದು ಕೊಡುತ್ತಾನೆ.

ಒಂದು ಭಾನುವಾರ ಪಕ್ಕದ ಊರಿನ ಹುಡುಗರ ಜೊತೆ ಆಟ ಇತ್ತು. ಆಯಿ ಹೋಗಿ ಬೇವಿನ ಮರದ ಕೆಳಗೆ ಕೂತರು. ಕೈಯಲ್ಲಿ ಮೊಮ್ಮಗನ ಫೋನು. ವಿಡಿಯೊ ಹಿಡಿಯಲು ಕೆಂಪು ಚುಕ್ಕೆ ಒತ್ತಬೇಕು ಅಂತ ಕೇಳಿ ತಿಳಿದುಕೊಂಡಿದ್ದರು. ಆಟ ಶುರುವಾದಾಗ ಒತ್ತಿದರು. ಬಿಡಲೇ ಇಲ್ಲ. ಚೆಂಡು ಆ ಕಡೆ ಇದ್ದಾಗಲೂ ಫೋನು ಈ ಕಡೆಗೇ, ಮೊಮ್ಮಗನ ಮೇಲೆ. ಅವನು ಸುಮ್ಮನೆ ನಿಂತದ್ದು, ಬೆವರು ಒರೆಸಿದ್ದು, ಕೂಗಿದ್ದು, ಎರಡು ಹೆಜ್ಜೆ ಮುಂದೆ ಬಂದದ್ದು, ಮತ್ತೆ ಹಿಂದೆ ಹೋದದ್ದು, ಎಲ್ಲ ಬಂದಿದೆ. ಅವನು ಮೂರು ಚೆಂಡು ಹಿಡಿದ. ಎರಡು ಗೋಲು ಹೋದವು. ತಂಡ ಸೋತಿತು.

ಮಾರನೆಯ ದಿನ ಆಯಿ ಫೋನು ತಂದು ನನ್ನ ಮುಂದೆ ಇಟ್ಟರು. ಪರದೆಯ ಮೇಲೆ ಏನೋ ಬರೆದು ಬಂದಿತ್ತು. ಕನ್ನಡಕ ಹಾಕಿಕೊಂಡು ತಾವೇ ನಿಧಾನವಾಗಿ ಓದಿದರು. ಫೋನಿನಲ್ಲಿ ಜಾಗ ತುಂಬಿದೆ ಅಂತ ಇತ್ತು. "ಯಾವುದು ತೆಗೀಲಿ, ಮಾಸ್ತರ?" ಅಂದರು. ಹುಡುಗರು ಕಳಿಸಿದ ಆ ಹನ್ನೆರಡು ಸೆಕೆಂಡಿನ ವಿಡಿಯೊ ಇನ್ನೂ ಅದರಲ್ಲಿ ಇತ್ತು. ಅದನ್ನು ತೆಗೆದರೂ ಜಾಗ ಸಾಲಲಿಲ್ಲ. ಆಯಿ ತಮಗೆ ಇಷ್ಟವಾದ ನಾಲ್ಕು ಹಾಡು ತೆಗೆಸಿದರು.